ನಲವತ್ತೊಂದನೆಯ ಪುಟ

ಅಮೀನಾಳ ಪುಸ್ತಕದಂಗಡಿಗೆ ಬಾಗಿಲಿಲ್ಲ, ಬೋರ್ಡಿಲ್ಲ, ಹೆಸರೂ ಇಲ್ಲ. ವಿಲೆ ಪಾರ್ಲೆ ಸ್ಟೇಷನ್ನಿನಿಂದ ಕಾಲೇಜಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಬಿಲ್ಡಿಂಗಿನ ಗೋಡೆಗೆ ಒರಗಿಸಿದ ನಾಲ್ಕು ಹಲಗೆ, ಮೇಲೊಂದು ನೀಲಿ ತಾಡಪಾಲು, ಕೆಳಗೆ ಗೋಣಿಚೀಲ ಹಾಸಿ ಸಾಲಾಗಿ ನಿಲ್ಲಿಸಿದ ಹಳೆಯ ಇಂಗ್ಲಿಷ್ ಪುಸ್ತಕಗಳು, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಕೂತಿದ್ದಾಳೆ. ಕಾಲೇಜಿನ ಮಕ್ಕಳು ಅವಳನ್ನು ‘ಬುಕ್ ಆಂಟಿ’ ಎಂದು ಕರೆಯುತ್ತಾರೆ. ಯಾವ ಪುಸ್ತಕ ಕೇಳಿದರೂ ಹುಡುಕಿ ಕೊಡುತ್ತಾಳೆ. ಇವತ್ತು ಸಿಗದಿದ್ದರೆ ಮುಂದಿನ ವಾರ ಬಾ ಎನ್ನುತ್ತಾಳೆ, ಮುಂದಿನ ವಾರ ಅದು ಅಲ್ಲಿರುತ್ತದೆ.

ಇಷ್ಟೊಂದು ಪುಸ್ತಕಗಳ ನಡುವೆ ಕೂತವಳಿಗೆ ಇಂಗ್ಲಿಷಿನ ಒಂದಕ್ಷರವೂ ಓದಲು ಬರುವುದಿಲ್ಲ ಎಂಬುದು ಆ ರಸ್ತೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗೆಂದು ಅವಳನ್ನು ಓದು ಬಾರದವಳು ಎಂದುಬಿಡಬೇಡಿ, ಜಗಳಕ್ಕೇ ಬರುತ್ತಾಳೆ. ಸಿಂದಗಿಯ ಹತ್ತಿರದ ತನ್ನೂರಿನಲ್ಲಿ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆ ಪಾಸಾದವಳು ಅವಳು. ಊರಿಂದ ಬಂದವರ ಗಂಟಿನಲ್ಲಿ ಕನ್ನಡ ಪೇಪರಿನ ತುಂಡು ಸಿಕ್ಕರೆ ರೊಟ್ಟಿ ಪಕ್ಕಕ್ಕಿಟ್ಟು ಮೊದಲು ಅದನ್ನು ಓದುತ್ತಾಳೆ. ಇಂಗ್ಲಿಷ್ ಮಾತ್ರ ಕಲಿಯಲಾಗಲಿಲ್ಲ; ಕಲಿಯುವ ವಯಸ್ಸಿನಲ್ಲಿ ಬೇರೆ ಕೆಲಸ ಬಹಳ ಇದ್ದವು.

ಅದರ ಬದಲಿಗೆ ಅವಳಿಗಿದ್ದದ್ದು ಕಣ್ಣು. ಒಮ್ಮೆ ನೋಡಿದ ಪುಸ್ತಕದ ಮುಖಪುಟವನ್ನು ಅವಳು ಮರೆಯುವುದಿಲ್ಲ. ಗಿರಾಕಿ ಪುಸ್ತಕದ ಹೆಸರು ಹೇಳಿದ ಕೂಡಲೇ “ಮೊಬೈಲ್ ಮೆ ದಿಖಾವೊ” ಎನ್ನುತ್ತಾಳೆ. ಅವರು ಚಿತ್ರ ತೋರಿಸುತ್ತಾರೆ, ಇವಳ ಕೈ ಸೀದಾ ಹೋಗಿ ಅದೇ ಪುಸ್ತಕವನ್ನು ಎಳೆಯುತ್ತದೆ. ಪುಸ್ತಕಗಳು ಬರುತ್ತಿದ್ದುದು ಧಾರಾವಿಯಿಂದ. ಅವಳ ಗಂಡ ಶರೀಫ ಅಲ್ಲಿನ ರದ್ದಿ ಗೋಡೌನಿನಲ್ಲಿ ಕಾಗದ ವಿಂಗಡಿಸುತ್ತಾನೆ. ಅವನಿಗೆ ಅಷ್ಟಿಷ್ಟು ಇಂಗ್ಲಿಷ್ ಅಕ್ಷರ ಗೊತ್ತು. ಒಳ್ಳೆಯ ಪುಸ್ತಕ ಕಂಡರೆ ಎತ್ತಿಡುತ್ತಾನೆ.

ಇಂಥ ಅಮೀನಾಳ ಅಂಗಡಿಯ ಮುಂದೆ ಜನವರಿಯ ಒಂದು ಬೆಳಿಗ್ಗೆ ಐದಾರು ಮಂದಿ ವಿದೇಶಿಯರು ಬಂದು ನಿಂತರು. ಅವರನ್ನು ಕರೆತಂದವಳು ಯಕ್ಷಿತಾ ಎಂಬ ಇಪ್ಪತ್ತನಾಲ್ಕರ ಹುಡುಗಿ. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಚೆಂಬೂರಿನಲ್ಲಿ. ಊರು ನೋಡಲು ಬಂದವರನ್ನು ಗಲ್ಲಿಗಲ್ಲಿ ಸುತ್ತಿಸಿ ಮುಂಬಯಿ ತೋರಿಸುವುದು ಅವಳ ಕೆಲಸ. ಹಳೆಯ ಇಂಗ್ಲಿಷ್ ಪುಸ್ತಕ ಎಲ್ಲಿ ಸಿಗುತ್ತದೆ, ದಾರಿಯಲ್ಲಿ ಕಂಡವರ ಫೋಟೊ ತೆಗೆಯುವಾಗ ಮರ್ಯಾದೆಯಿಂದ ಹೇಗೆ ಕೇಳಬೇಕು, ಇವೆರಡನ್ನೂ ಹೇಳಿಕೊಡುವುದರಲ್ಲಿ ಅವಳಿಗೆ ಬಹಳ ಹೆಮ್ಮೆ.

ಅವಳು ಕೇಳುವ ಮೊದಲೇ ಹಿಂದಿದ್ದ ಇಬ್ಬರ ಕ್ಯಾಮೆರಾ ಕಚಕ್ ಕಚಕ್ ಎಂದಿತ್ತು. ಅಮೀನಾಳ ಮೈ ಉರಿಯಿತು. ಫೋಟೊ ಎಂದರೆ ಅವಳಿಗೆ ಮೊದಲಿನಿಂದಲೂ ಆಗದು. ಆಧಾರ್ ಕಾರ್ಡಿನಲ್ಲಿ ತನ್ನ ಮುಖ ನೋಡಿದ ಮೇಲಂತೂ ಆ ಕಡೆಗೆ ಬೆನ್ನೇ ತಿರುಗಿಸಿದ್ದಳು. ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗಿ ಬಗ್ಗಿ ನಿಂತು, ಗೋಣಿಚೀಲದ ಮೇಲಿದ್ದ ಕನ್ನಡ ಪೇಪರಿನ ತುಂಡನ್ನು ನೋಡಿ, ಕಣ್ಣರಳಿಸಿ, “ಆಂಟೀ, ನೀವು ಕನ್ನಡವಾ? ನಿಮ್ಮ ಹೆಸರು ಎಂತ?” ಎಂದಳು.

ಆ ರಸ್ತೆಯಲ್ಲಿ ಕೂತ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವಳನ್ನು ಕನ್ನಡದಲ್ಲಿ ಮಾತಾಡಿಸಿರಲಿಲ್ಲ. ಅಮೀನಾಳ ಸಿಟ್ಟು ಬೆಣ್ಣೆಯಂತೆ ಕರಗಿತು. ಹೆಸರು ಹೇಳಿದಳು, ಊರು ಹೇಳಿದಳು, ಚಹಾ ಕುಡೀತೀಯೇನವ್ವಾ ಎಂದಳು. ಆಮೇಲೆ ಹುಡುಗಿ ತನ್ನ ಮೊಬೈಲನ್ನು ಎದುರಿಗೆ ಹಿಡಿದುಕೊಂಡು ಬಹಳ ಮರ್ಯಾದೆಯಿಂದ ಕೇಳಿದಳು: “ಆಂಟಿ, ಫೋಟೊ ತೆಗೀಲಾ?”

ಇಲ್ಲಿ ಒಂದು ಮಾತು ಹೇಳಬೇಕು. ಅಮೀನಾಳ ಊರಿನಲ್ಲಿ ಫೋಟೊ ಹೊಡೆಯುತ್ತಾರೆ. ತೆಗೆಯುವುದೆಂದರೆ ಇದ್ದದ್ದನ್ನು ಇಲ್ಲದಂತೆ ಮಾಡುವುದು. ಕಸ ತೆಗೆಯುತ್ತಾರೆ, ಮುಳ್ಳು ತೆಗೆಯುತ್ತಾರೆ. ಹಾಗಾಗಿ ಅವಳು ತಿಳಿದದ್ದು ಇಷ್ಟು: ಹಿಂದಿನವರು ಕೇಳದೆ ಹೊಡೆದ ಫೋಟೊಗಳನ್ನು ತೆಗೆದುಹಾಕಲೇ ಎಂದು ಈ ಹುಡುಗಿ ಕೇಳುತ್ತಿದ್ದಾಳೆ. ಎಂಥ ಒಳ್ಳೆಯ ಸಂಸ್ಕಾರ ಎಂದು ಅವಳ ಮನಸ್ಸು ತುಂಬಿತು. ಕೈಗೆ ಸಿಕ್ಕ ಒಂದು ದಪ್ಪ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, “ತೆಗಿ, ನಮ್ಮವ್ವಾ, ತೆಗಿ! ಎಲ್ಲಾ ತೆಗಿ!” ಎಂದಳು.

ಯಕ್ಷಿತಾ ಹಿಂದೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಎಲ್ಲರೂ ನಗುತ್ತಾ ಕ್ಯಾಮೆರಾ ಎತ್ತಿದರು. ಕಚಕ್, ಕಚಕ್, ಕಚಕ್. ತೆಗೆಯುವಾಗಲೂ ಅದೇ ಸಪ್ಪಳ ಬರುತ್ತದೇನೋ ಎಂದು ಅಮೀನಾ ಪುಸ್ತಕದ ಮೇಲಿನಿಂದ ಕಣ್ಣು ಪಿಳಿಪಿಳಿ ಮಾಡಿ ನೋಡುತ್ತಾ ಕೂತಳು.

ಮೂರು ತಿಂಗಳು ಕಳೆಯಿತು. ಅಂಗಡಿಗೆ ಬರುವ ವಿದೇಶಿಯರು ಯಾಕೋ ಹೆಚ್ಚಾಗಿದ್ದರು, ಅಮೀನಾಳಿಗೆ ಅದರ ಗುಟ್ಟು ತಿಳಿದಿರಲಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ವಿಜೇತಾ ಎಂಬ ಕಾಲೇಜು ಹುಡುಗಿ, ವಾರಕ್ಕೆರಡು ಸಲ ಬರುವ ಗಿರಾಕಿ, ಅಂಗೈಯಗಲದ ಒಂದು ಗಿಳಿಹಸಿರು ಪುಸ್ತಕ ಹಿಡಿದು ಗೆಳತಿಯರೊಂದಿಗೆ ಬಂದಳು. ಪುಸ್ತಕದ ಹೆಸರು ‘ಆಸ್ಕ್ ಫಸ್ಟ್’, ಅಂದರೆ ಮೊದಲು ಕೇಳಿ; ಮುಂಬಯಿ ನೋಡಲು ಬಂದವರಿಗೆಂದು ಯಕ್ಷಿತಾ ಅಚ್ಚು ಹಾಕಿಸಿದ್ದು. ಅದರ ನಲವತ್ತೊಂದನೆಯ ಪುಟ ತುಂಬಾ ಅಮೀನಾ ಇದ್ದಳು. ಪುಸ್ತಕವೊಂದರ ಮೇಲೆ ಎರಡು ಕಣ್ಣು, ಹಿಂದೆ ನೀಲಿ ತಾಡಪಾಲು.

ಕೆಳಗೆ ಬರೆದಿದ್ದನ್ನು ವಿಜೇತಾ ಹಿಂದಿಯಲ್ಲಿ ಹೇಳಿದಳು: “ಇವರು ಅಮೀನಾ ಆಂಟಿ. ನಾವು ಮೊದಲು ಕೇಳಿದೆವು. ಅವರು ಖುಷಿಯಿಂದ ‘ತೆಗಿ’ ಎಂದರು, ತಮಗೆ ಇಷ್ಟವಾದ ಪುಸ್ತಕವನ್ನು ತಾವೇ ಎತ್ತಿ ಹಿಡಿದರು. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.” ಅಷ್ಟು ಹೇಳಿ ಪುಟವನ್ನು ಕಣ್ಣಿನ ಹತ್ತಿರ ತಂದುಕೊಂಡು, “ಅರೇ, ಆಂಟಿ! ಬುಕ್ ತೊ ಉಲ್ಟಾ ಪಕಡಾ ಹೈ!” ಎಂದು ಕಿಲಕಿಲ ನಕ್ಕಳು. ಗೆಳತಿಯರೂ ನಕ್ಕರು. ನಗು ಮುಗಿದ ಮೇಲೆ ಅವರಲ್ಲೊಬ್ಬಳು ಹಲಗೆಯಿಂದ ಒಂದು ಪುಸ್ತಕ ಎಳೆದು, “ಇದರ ಹೆಸರೇನು ಆಂಟಿ?” ಎಂದಳು. ಅಮೀನಾ ಅದನ್ನು ಇಸಿದುಕೊಂಡು ಮತ್ತೆ ಹಲಗೆಗೇ ಸಿಕ್ಕಿಸಿದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ನೋಟ ಅಮೀನಾಳ ಎದೆಗೆ ನಾಟಿತು. ಇಪ್ಪತ್ತೆರಡು ವರ್ಷ ಕಟ್ಟಿಕೊಂಡು ಬಂದ ಮರ್ಯಾದೆ ಅದು, ಒಂದು ನಗುವಿನಲ್ಲಿ ಮಣ್ಣುಪಾಲಾಯಿತು ಅನ್ನಿಸಿತು. ಮರುದಿನದಿಂದ ಆಟ ಶುರುವಾಯಿತು. ಯಾರೋ ಬೇಕೆಂದೇ ಪುಸ್ತಕವನ್ನು ತಲೆಕೆಳಗು ಮಾಡಿ ಅವಳ ಕೈಗೆ ಕೊಡುವುದು, ಯಾರೋ “ಆಂಟಿ, ಇದರಲ್ಲಿ ಕತೆ ಏನು?” ಎಂದು ಕೇಳುವುದು. ಕೆಟ್ಟ ಮಕ್ಕಳಲ್ಲ. ಆದರೂ ಅವರು ಹೋದ ಮೇಲೆ ಅವಳು ಪುಸ್ತಕಗಳಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು.

ಶರೀಫ ಸಮಾಧಾನದ ಮನುಷ್ಯ. ನಾಲ್ಕು ದಿನ ನಗುತ್ತಾರೆ, ಮರೆಯುತ್ತಾರೆ ಎಂದು ಮನೆಮಾತು ದಖನಿ ಉರ್ದುವಿನಲ್ಲಿ ಹೇಳಿದ: “ಜಾನ್ ದೇ ಅಮೀನಾ. ಚಾರ್ ದಿನ್ ಹಸಿಂಗೆ, ಭೂಲ್ ಜಾಯಿಂಗೆ.”

“ಅವರು ಮರೀಲಿ, ನಾ ಮರೆಯೂದಿಲ್ಲ,” ಎಂದಳು ಅಮೀನಾ. ಸಿಟ್ಟು ಬಂದಾಗ ಅವಳು ಗಂಡನ ಮುಂದೆಯೂ ಕನ್ನಡಕ್ಕಿಳಿಯುತ್ತಾಳೆ. ಶರೀಫನಿಗೆ ಅದರ ಅರ್ಥ ಚೆನ್ನಾಗಿ ಗೊತ್ತು. “ನಾ ತೆಗಿ ಅಂದದ್ದನ್ನ ತೆಗೆಸೇ ತೆಗಸ್ತೀನಿ.”

ವಿಜೇತಾ ಅಲ್ಲೇ ಬಿಟ್ಟುಹೋಗಿದ್ದ ಗಿಳಿಹಸಿರು ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಯಕ್ಷಿತಾಳ ಹೆಸರು, ಚೆಂಬೂರಿನ ಒಂದು ಹೋಟೆಲಿನ ವಿಳಾಸವಿತ್ತು. ಶರೀಫ ಒಂದೊಂದೇ ಅಕ್ಷರ ಕೂಡಿಸಿ ಓದಿ ಹೇಳಿದ. ಮರುದಿನ ಅಮೀನಾ ಅಂಗಡಿಯ ತಾಡಪಾಲನ್ನು ಹೊತ್ತಿಗೆ ಮುಂಚೆಯೇ ಇಳಿಸಿ, ಲೋಕಲ್ ಹತ್ತಿ, ವಡಾಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿನಲ್ಲಿ ಇಳಿದಳು.

ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವರು ಯಕ್ಷಿತಾಳ ಅಪ್ಪ ಸದಾನಂದ. ಅಮೀನಾ ಪುಸ್ತಕ ತೋರಿಸಿ ಇದನ್ನು ಮಾಡಿದ ಹುಡುಗಿಯನ್ನು ಕರೆಸಿ ಎಂದಳು. ಅವಳ ಧ್ವನಿ ಕೇಳಿಯೇ ಅವರು ಎದ್ದು ನಿಂತು, ಕುರ್ಚಿ ಕೊಟ್ಟು, ಕಾಫಿಗೆ ಹೇಳಿದರು. ಮಹಡಿಯಿಂದ ಇಳಿದು ಬಂದ ಯಕ್ಷಿತಾ ಅವಳನ್ನು ನೋಡಿ ಕುಣಿದಾಡುವಂತಾದಳು. “ಅಮೀನಾ ಆಂಟೀ! ಬುಕ್ ನೋಡಿದ್ರಾ? ನಿಮ್ಮ ಪೇಜ್ ಎಲ್ಲರಿಗೂ ಫೇವರಿಟ್!”

“ನಾ ತೆಗಿ ಅಂತ ಹೇಳಿದ್ನಲ್ಲವಾ ನಿನಗ?”

“ಹಾಂ, ಹೇಳಿದ್ರಿ. ಅದಕ್ಕೇ ತೆಗ್ದೆ.”

“ಎಲ್ಲಿ ತೆಗದಿ? ಬುಕ್ಕಿನಾಗ ಹಾಕೀದಿ!”

“ತೆಗ್ದೇ ಹಾಕಿದ್ದು, ಆಂಟಿ!” ಯಕ್ಷಿತಾ ಗಾಬರಿಯಾಗಿ ಮೊಬೈಲ್ ತೆರೆದಳು. ಅವಳು ಎಲ್ಲದಕ್ಕೂ ಸಾಕ್ಷಿ ಇಟ್ಟುಕೊಳ್ಳುವವಳು. “ನೋಡಿ, ವಿಡಿಯೊ ಸಹ ಉಂಟು.” ಮೊಬೈಲಿನಿಂದ ಅಮೀನಾಳದೇ ಧ್ವನಿ ಬಂತು: ತೆಗಿ, ನಮ್ಮವ್ವಾ, ತೆಗಿ! ಎಲ್ಲಾ ತೆಗಿ!

“ಅದೇ ಅದೇ, ಅದನ್ನೇ ನಾನೂ ಹೇಳಾಕತ್ತೀನಿ!” ಎಂದು ಅಮೀನಾ ಮೇಜು ಕುಟ್ಟಿದಳು. ಈ ಹುಡುಗಿಗೆ ಕನ್ನಡ ಅರೆಬರೆ ಎಂದುಕೊಂಡು ಹಿಂದಿಗೆ ಹೊರಳಿದಳು. “ನಿಕಾಲೋ ಬೋಲಿ ಮೈ! ನಿಕಾಲೋ!”

“ಹಾಂ ಆಂಟಿ, ಫೋಟೊ ನಿಕಾಲಾ ನಾ!”

ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಮರಾಠಿ ಗೃಹಸ್ಥರೊಬ್ಬರು ಸಹಾಯ ಮಾಡೋಣವೆಂದು, “ತ್ಯಾ ಕಾಢ್ ಮ್ಹಣತಾಯತ್” ಎಂದರು. ಯಕ್ಷಿತಾ ಅಳುವ ಹಾಗಾಗಿ, “ಕಾಢಲಾ ನಾ ಫೋಟೊ, ಕಾಕಾ!” ಎಂದಳು. ಹಿಂದಿಯ ನಿಕಾಲೋ, ಮರಾಠಿಯ ಕಾಢ್, ಎರಡೂ ‘ತೆಗಿ’ಯ ಹಾಗೇ ಎರಡರ್ಥದವು; ಮೂರು ಭಾಷೆಯಲ್ಲೂ ಅದೇ ಗೋಳು. ಅಮೀನಾಳಿಗೆ ತಲೆ ಚಿಟ್ಟು ಹಿಡಿಯಿತು. ಇಷ್ಟು ದೊಡ್ಡ ಊರಿನಲ್ಲಿ ತನ್ನ ಒಂದು ಮಾತನ್ನು ನೆಟ್ಟಗೆ ಹಿಡಿಯುವ ಭಾಷೆ ಒಂದೂ ಇಲ್ಲವೇ ಎಂದು ಕಣ್ಣಲ್ಲಿ ನೀರು ಬಂತು.

ಆ ನೀರನ್ನು ನೋಡಿದ್ದು ಸದಾನಂದ. ಅವರು ಮೇಜಿನ ಮೇಲಿದ್ದ ಎಂಜಲು ಪ್ಲೇಟಿನತ್ತ ಕೈ ಮಾಡಿ ಮಗಳಿಗೆ ಕೇಳಿದರು: “ಈ ಪ್ಲೇಟ್ ತೆಗಿ ಅಂತ ನಾನು ಹೇಳಿದರೆ ನೀನು ಎಂತ ಮಾಡ್ತಿ? ಪ್ಲೇಟಿನ ಫೋಟೊ ಹೊಡೀತಿಯಾ?”

“ಇಲ್ಲ ಪಪ್ಪಾ. ಅದನ್ನು ಅಲ್ಲಿಂದ...” ಎಂದವಳು ಅಲ್ಲೇ ನಿಂತಳು. “ಓ ಗಾಡ್. ಡಿಲೀಟ್! ಆಂಟಿ, ನೀವು ಡಿಲೀಟ್ ಮಾಡು ಅಂತ ಹೇಳಿದ್ದಾ?”

“ಹೂಂ. ಮಾರಿಗೆ ಬುಕ್ ಅಡ್ಡ ಹಿಡದಿದ್ದೆ. ಅಷ್ಟರ ಮ್ಯಾಲೂ ತಿಳೀಲಿಲ್ಲೇನು ನಿನಗ?”

ಯಕ್ಷಿತಾ ಎದುರಿನ ಕುರ್ಚಿಯಲ್ಲಿ ಕುಸಿದಳು. ಮರ್ಯಾದೆಯಿಂದ ಕೇಳುವುದು ಹೇಗೆಂದು ಊರಿಗೆಲ್ಲ ಪಾಠ ಹೇಳುವ ಪುಸ್ತಕದಲ್ಲಿ, ಒಲ್ಲೆ ಎಂದವಳ ಮುಖವನ್ನೇ ಮಾದರಿ ಎಂದು ಹಾಕಿಬಿಟ್ಟಿದ್ದಳು. ಹುಡುಗಿಯ ಮುಖ ನೋಡಿ ಅಮೀನಾಳಿಗೆ ಅಯ್ಯೋ ಅನ್ನಿಸಿತು, ಆದರೆ ಹಠ ಸಡಿಲವಾಗಲಿಲ್ಲ.

ಕ್ಷಮೆ ಕೇಳುವುದೆಲ್ಲ ಆದ ಮೇಲೆ ಯಕ್ಷಿತಾ, “ನೆಕ್ಸ್ಟ್ ಪ್ರಿಂಟಲ್ಲಿ ಖಂಡಿತ ಇರೋದಿಲ್ಲ ಆಂಟಿ,” ಎಂದಳು.

“ಈಗ ಇದ್ದದ್ದು?”

“ಮುನ್ನೂರು ಕಾಪಿ ಮಾಡಿದ್ದು. ಮೇಲೆ ಒಂದು ಎಪ್ಪತ್ತು ಉಂಟು. ಬಾಕಿ ಎಲ್ಲ ಹೋಯ್ತು. ಹಾಸ್ಟೆಲ್, ಕೆಫೆ, ಟೂರಿಸ್ಟ್ಸ್... ಅದನ್ನು ಹುಡುಕೋದು ಇಂಪಾಸಿಬಲ್.”

ಅಮೀನಾ ಕಾಫಿಯ ಲೋಟ ಕೆಳಗಿಟ್ಟಳು. “ಇಂಗ್ಲಿಷ್ ಬುಕ್ ಹುಡುಕೂದು ಆಗೂದಿಲ್ಲ ಅಂತ ನನ್ನ ಮುಂದ ಹೇಳಬ್ಯಾಡ, ಮಗಳ,” ಎಂದಳು.

ಮಹಡಿಯ ಮೇಲೆ ಡಬ್ಬಿ ಬಿಚ್ಚಿ ಇಬ್ಬರೂ ಸ್ಟೀಲಿನ ಸ್ಕೇಲ್ ಹಿಡಿದು ಕೂತರು. ಮೊದಲ ಪುಟ ಹರಿಯುವ ಮುನ್ನ ಯಕ್ಷಿತಾ ಕೈ ತಡೆದಳು. “ಆಂಟಿ, ಇದೇ ಹಾಳೆಯ ಹಿಂಬದಿಯಲ್ಲಿ ನಿಮ್ಮ ಅಂಗಡಿ ಮ್ಯಾಪ್ ಉಂಟು. ಮುಂಬಯಿಯಲ್ಲಿ ಬೆಸ್ಟ್ ಬುಕ್ ಪ್ಲೇಸ್ ಅಂತ ಬರೆದಿದ್ದೇನೆ. ಇದನ್ನು ಹರಿದರೆ ಅದೂ ಹೋಗ್ತದೆ.”

ಇತ್ತೀಚೆಗೆ ವಿದೇಶಿಯರು ತನ್ನನ್ನೇ ಹುಡುಕಿಕೊಂಡು ಬರುತ್ತಿದ್ದುದರ ಗುಟ್ಟು ಅಮೀನಾಳಿಗೆ ಆಗ ತಿಳಿಯಿತು. ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆ ಕಡೆ ವ್ಯಾಪಾರ, ಈ ಕಡೆ ಮುಖ. “ತೆಗಿ,” ಎಂದಳು. ಈ ಸಲ ಯಕ್ಷಿತಾ ಎರಡನೆಯ ಮಾತು ಕೇಳದೆ ಸ್ಕೇಲ್ ಒತ್ತಿ ಹಿಡಿದು ಹರಿದಳು.

ಆಮೇಲೆ ಹುಡುಕಾಟ. ಯಕ್ಷಿತಾ ಮೊಬೈಲಿನಲ್ಲಿ ಹಾಸ್ಟೆಲು, ಕೆಫೆಗಳ ಉದ್ದ ಪಟ್ಟಿ ಮಾಡಿಕೊಂಡು ಬಂದಳು. ಅಮೀನಾಳಿಗೆ ಪಟ್ಟಿ ಬೇಕಿರಲಿಲ್ಲ. ಊರು ಸುತ್ತುವವನ ಚೀಲ ಎಲ್ಲಿ ಭಾರವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ವಿಮಾನ ಹತ್ತುವ ಹಿಂದಿನ ದಿನ ಚೀಲ ತೂಗಿ ನೋಡುತ್ತಾರೆ. ಆಗ ಮೊದಲು ಹೊರಗೆ ಬೀಳುವುದು ಪುಸ್ತಕ. ಪಾರ್ಲೆಯ ವಿಮಾನ ನಿಲ್ದಾಣದ ಸುತ್ತಿನ ಲಾಡ್ಜುಗಳಲ್ಲಿ ಕೋಣೆ ಗುಡಿಸುವವರಲ್ಲಿ ಅವಳ ಊರ ಕಡೆಯ ದಾನೇಶ್ವರಿ ಒಬ್ಬಳು. ಅವಳಿಗೆ ಗಿಳಿಹಸಿರು ಬಣ್ಣ ಹೇಳಿದರೆ ಸಾಕಾಯಿತು. ಒಂದೇ ವಾರದಲ್ಲಿ ಹಾಸಿಗೆಯ ಕೆಳಗಿಂದ, ಕಪಾಟಿನಿಂದ, ಕಸದ ಬುಟ್ಟಿಯಿಂದ ಹತ್ತೊಂಬತ್ತು ಪುಸ್ತಕ ಬಂದವು. ಧಾರಾವಿಯಲ್ಲಿ ಶರೀಫ ಬಾಯಲ್ಲಿ ಬೇಡವೆನ್ನುತ್ತಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದು, ರದ್ದಿಯ ರಾಶಿಯಿಂದ ಹನ್ನೊಂದು ಎತ್ತಿದ.

ಯಕ್ಷಿತಾಳೂ ಸುಮ್ಮನಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಕೊಲಾಬಾದಿಂದ ಅಂಧೇರಿಯವರೆಗೆ ತಿರುಗಿದಳು. ತನ್ನೊಂದಿಗೆ ಊರು ಸುತ್ತಿ ದೇಶ ಬಿಟ್ಟು ಹೋದವರಿಗೆ ಈಮೇಲ್ ಬರೆದಳು, ತನ್ನ ತಪ್ಪನ್ನು ಮುಚ್ಚಿಡದೆ. ಹನೋಯಿಯಿಂದ ಒಬ್ಬಳು, ಕೊಲಂಬೊದಿಂದ ಒಬ್ಬ, ಕಠ್ಮಂಡುವಿನಿಂದ ಗಂಡಹೆಂಡತಿ, ಹೀಗೆ ಎಷ್ಟೋ ಮಂದಿ ಪುಟ ಹರಿದು ಅದರ ಚೂರುಗಳ ಫೋಟೊ ಕಳಿಸಿದರು. ಒಬ್ಬ ಮಾತ್ರ, ಪುಸ್ತಕ ನನ್ನದು, ಹರಿಯುವುದೂ ಬಿಡುವುದೂ ನನ್ನಿಷ್ಟ ಎಂದು ಬರೆದ. ಅದನ್ನು ಕೇಳಿ ಅಮೀನಾ ಒಂದು ದಿನವಿಡೀ ಊಟ ಮಾಡಲಿಲ್ಲ.

ಬಾಂದ್ರಾದ ಒಂದು ಕೆಫೆಯಲ್ಲಿ ಗಿರಾಕಿಗಳಿಗೆ ಓದಲೆಂದು ಎಂಟು ಕಾಪಿ ಇಟ್ಟಿದ್ದರು. ಅಲ್ಲಿನ ಮ್ಯಾನೇಜರ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಮಾಲೀಕರು ಬರಲಿ ಎಂದ. ಮಾಲೀಕರು ಯಾವಾಗ ಬರುತ್ತಾರೆಂದರೆ ಹೇಳಲಾಗದು ಎಂದ. “ಆಗಲಿ, ನಾ ಇಲ್ಲೇ ಕುಂದರತೀನಿ,” ಎಂದು ಅಮೀನಾ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬರುವವರು ಅವಳನ್ನು ದಾಟಿ ಬರಬೇಕು, ಹೋಗುವವರು ದಾಟಿ ಹೋಗಬೇಕು. ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಮ್ಯಾನೇಜರನೇ ಎಂಟೂ ಪುಸ್ತಕ ತಂದು ಅವಳ ಮಡಿಲಿಗೆ ಹಾಕಿದ. ಅವಳು ಅಲ್ಲೇ ಪುಟ ತೆಗೆದು, ಪುಸ್ತಕಗಳನ್ನು ಒಪ್ಪವಾಗಿ ಜೋಡಿಸಿ ಅವನಿಗೇ ಹಿಂದಿರುಗಿಸಿದಳು.

ಆದರೂ ಅಂಗಡಿಯಲ್ಲಿ ಕೂತಾಗ ನಗು ನಿಂತಿರಲಿಲ್ಲ. ಒಂದೊಂದು ಪುಟ ಹರಿದಾಗಲೂ ಭಾರ ಇಳಿದಂತಾಗುತ್ತಿತ್ತು. ವಿಜೇತಾ ಗೆಳತಿಯರೊಂದಿಗೆ ಬಂದು ನಿಂತ ಕೂಡಲೇ ಅದು ಮತ್ತೆ ಎದೆಯ ಮೇಲೆ ಬಂದು ಕೂರುತ್ತಿತ್ತು. ಹೊರಗಿನ ಪುಟಗಳನ್ನು ತೆಗೆಯಬಹುದು, ಈ ಮಕ್ಕಳ ತಲೆಯೊಳಗಿನದನ್ನು ಯಾವ ಸ್ಕೇಲಿನಿಂದ ಹರಿಯುವುದು ಎಂದು ಯೋಚಿಸಿ ಅವಳು ಸೋಲುತ್ತಿದ್ದಳು.

ಜೂನ್ ಮೊದಲ ವಾರ. ಆಕಾಶ ಕಪ್ಪಗಾಗಿತ್ತು, ಅಮೀನಾ ತಾಡಪಾಲಿನ ಹಗ್ಗ ಬಿಗಿಯುತ್ತಿದ್ದಳು. ವಿಜೇತಾ ಮತ್ತು ಇನ್ನಿಬ್ಬರು ಹಲಗೆಯ ಮುಂದೆ ಪುಸ್ತಕ ಕೆದಕುತ್ತಿದ್ದರು. ಆಗ ರಸ್ತೆಯಾಚೆಯಿಂದ ಒಬ್ಬ ಉದ್ದನೆಯ ವಿದೇಶಿ ಮನುಷ್ಯ, ಕತ್ತಿನಲ್ಲಿ ಕ್ಯಾಮೆರಾ, ಕೈಯಲ್ಲಿ ಗಿಳಿಹಸಿರು ಪುಸ್ತಕ, ನಲವತ್ತೆರಡನೆಯ ಪುಟದ ಮ್ಯಾಪು ನೋಡುತ್ತಾ ನೋಡುತ್ತಾ ಬಂದು ಅವಳ ಮುಂದೆ ನಿಂತ. ಪುಟ ತಿರುಗಿಸಿ ಚಿತ್ರ ನೋಡಿದ, ಅವಳನ್ನು ನೋಡಿದ, ಹಲ್ಲು ಬಿಟ್ಟು ನಕ್ಕ. “ಅಮೀನಾ ಆಂಟಿ!” ಎಂದ.

ಅಮೀನಾ ಕೈ ಚಾಚಿದಳು. ಅವನು ಖುಷಿಯಿಂದ ಪುಸ್ತಕ ಕೊಟ್ಟ. ಅವಳ ಬೆರಳು ಪುಟದ ಬುಡದ ಮೇಲೆ ಹೋಗಿ ನಿಂತಿತು. ಎಳೆದರೆ ಆಯಿತು, ಅರೆಕ್ಷಣದ ಕೆಲಸ. ಆದರೆ ಪುಸ್ತಕ ಅವನದು. ಕೇಳದೆ ಹರಿದರೆ, ಕೇಳದೆ ಕ್ಯಾಮೆರಾ ಎತ್ತಿದವರಿಗೂ ತನಗೂ ಏನು ವ್ಯತ್ಯಾಸ? ಕೇಳಬೇಕು. ಕೇಳುವಷ್ಟು ಇಂಗ್ಲಿಷ್ ಅವಳಲ್ಲಿರಲಿಲ್ಲ. ಗುಡ್ ಬುಕ್, ಓಲ್ಡ್ ಬುಕ್, ಅಷ್ಟಕ್ಕೇ ಅವಳ ಇಂಗ್ಲಿಷ್ ಮುಗಿಯುತ್ತಿತ್ತು. ಯಕ್ಷಿತಾಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅಲ್ಲಿ ಇಂಗ್ಲಿಷ್ ಬಲ್ಲವರೆಂದರೆ ಈ ಮೂವರು ಹುಡುಗಿಯರೇ, ಅವರಲ್ಲಿ ಅವಳಿಗೆ ಹೆಸರು ಗೊತ್ತಿದ್ದವಳು ವಿಜೇತಾ, ಉಲ್ಟಾ ಎಂದು ಮೊದಲು ನಕ್ಕವಳು.

ಅಮೀನಾ ತಲೆಯ ಮೇಲಿನ ದುಪಟ್ಟಾ ಸರಿ ಮಾಡಿಕೊಂಡಳು. ಆಮೇಲೆ ತನ್ನ ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ವಿಜೇತಾ, ಇವರಿಗೆ ಇಂಗ್ಲಿಷಿನಲ್ಲಿ ಹೇಳು. ನಾನು ಹೇಳಿದಷ್ಟೇ ಹೇಳು, ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಒಂದಕ್ಷರವೂ ಬರುವುದಿಲ್ಲ. ಅದಕ್ಕೇ ಪುಸ್ತಕ ಉಲ್ಟಾ ಇದೆ. ಇದು ನನಗೆ ಇಷ್ಟದ ಪುಸ್ತಕ ಅಲ್ಲ. ಫೋಟೊ ಬೇಡವೆಂದು ಮುಖ ಮುಚ್ಚಿಕೊಂಡದ್ದು. ಬೇಡ ಅಂದೆ, ಅವರಿಗೆ ತಿಳಿಯಲಿಲ್ಲ. ಈ ಒಂದು ಪುಟ ನನಗೆ ಬೇಕು. ಕೊಡುತ್ತೀರಾ ಎಂದು ಕೇಳು.”

ವಿಜೇತಾಳ ಕೈಯಲ್ಲಿದ್ದ ಪುಸ್ತಕ ಹಲಗೆಗೆ ಹೋಯಿತು. ಅವಳು ಅಮೀನಾಳ ಮುಖ ನೋಡಿದಳು, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡಳು. ಆಮೇಲೆ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಂದಳು. ಆ ಮನುಷ್ಯನ ಮೇಲಿಟ್ಟ ಕಣ್ಣನ್ನು ಅಮೀನಾ ಕೀಳಲಿಲ್ಲ. ಹೇಳಿಬಿಟ್ಟ ಮೇಲೆ ಇನ್ನು ಬಚ್ಚಿಡುವುದು ಏನೂ ಉಳಿದಿರಲಿಲ್ಲ, ಅದರಿಂದ ಒಂದು ಬಗೆಯ ಧೈರ್ಯವೂ ಬಂದಿತ್ತು.

ಅವನು ಪೂರ್ತಿ ಕೇಳಿದ. ನಗು ಇಳಿಯಿತು. ಪುಸ್ತಕ ತೆಗೆದುಕೊಂಡು ಗೋಡೆಗೆ ಒತ್ತಿ ಹಿಡಿದು, ಅಂಚು ಹರಕಾಗದಂತೆ ನಿಧಾನವಾಗಿ ಪುಟ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಅಮೀನಾ ಅದನ್ನು ಮಡಚಿ ಚೀಲದೊಳಗೆ ತುರುಕಿದಳು.

“ಸಾರಿ ಆಂಟಿ,” ಎಂದಳು ವಿಜೇತಾ, ಮೆಲ್ಲಗೆ. ತಡೆಯಲಾಗದೆ ಕೇಳಿದಳು: “ಮತ್ತೆ ಇಷ್ಟು ವರ್ಷ ನಮಗೆಲ್ಲ ಪುಸ್ತಕ ಹುಡುಕಿ ಕೊಟ್ಟದ್ದು ಹೇಗೆ?”

“ನೋಡಿ ಕೊಟ್ಟೆ,” ಎಂದಳು ಅಮೀನಾ. “ನೀನು ಮೊದಲ ಸಲ ಒಯ್ದದ್ದು ಯಾವುದು, ಹೇಳು ನೋಡೋಣ. ನೆನಪಿಲ್ಲ ಅಲ್ಲವಾ? ಕೆಂಪು ರಟ್ಟು, ಮೂಲೆಯಲ್ಲಿ ಹಡಗು, ಕೊನೆಯ ಹಾಳೆಗೆ ಚಹಾದ ಕಲೆ. ಮಳೆ ಬರುತ್ತಿತ್ತು, ಅಂಗಿಯೊಳಗೆ ಇಟ್ಟುಕೊಂಡು ಓಡಿದೆ.”

ವಿಜೇತಾ ತಾನು ಕೆದಕಿದ್ದ ಪುಸ್ತಕಗಳನ್ನು ಮತ್ತೆ ಸಾಲಾಗಿ ಜೋಡಿಸತೊಡಗಿದಳು.

ಆ ಉದ್ದನೆಯ ಮನುಷ್ಯ ಇಷ್ಟು ಹೊತ್ತು ಕಾದಿದ್ದ. ಈಗ ಒಂದು ಹೆಜ್ಜೆ ಹಿಂದೆ ಸರಿದು, ಕತ್ತಿನ ಕ್ಯಾಮೆರಾವನ್ನು ಎತ್ತದೆ ಬರಿದೇ ಬೆರಳಿನಿಂದ ಮುಟ್ಟಿ ತೋರಿಸಿ, ಹುಬ್ಬೇರಿಸಿ ನಿಂತ. ಒಂದು ಫೋಟೊ? ಈ ಸಲ ಸರಿಯಾಗಿ? ಕೇಳಿದ ರೀತಿ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ವಿಜೇತಾ ಆಗಲೇ ಮುಂದೆ ಬಂದು ಒಂದು ಪುಸ್ತಕ ಆರಿಸಿ, ನೆಟ್ಟಗೆ ತಿರುಗಿಸಿ, ಅಮೀನಾಳ ಕೈಗೆ ಕೊಡಲು ಹೊರಟಿದ್ದಳು. ಒಪ್ಪುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು.

ಅಮೀನಾ ಪುಸ್ತಕ ಮುಟ್ಟಲಿಲ್ಲ. ಮುಖ ಮುಚ್ಚಿಕೊಳ್ಳಲಿಲ್ಲ, ಬಗ್ಗಲಿಲ್ಲ. ಅವನ ಕಣ್ಣಿಗೆ ಕಣ್ಣಿಟ್ಟು, ಇಂಗ್ಲಿಷಿನಲ್ಲೇ, “ನೋ” ಎಂದಳು.

ಅವನು ಯಾಕೆ ಎಂದು ಕೇಳಲಿಲ್ಲ. ತಲೆಯಾಡಿಸಿ, ಕ್ಯಾಮೆರಾವನ್ನು ಕತ್ತಿನಿಂದ ತೆಗೆದು ಚೀಲದೊಳಗಿಟ್ಟು ಜಿಪ್ ಎಳೆದ. ಆಮೇಲೆ ಮೊಬೈಲ್ ಹೊರತೆಗೆದು, ತಾನು ಬಹಳ ದಿನದಿಂದ ಹುಡುಕುತ್ತಿದ್ದ ಪುಸ್ತಕವೊಂದರ ಮುಖಪುಟವನ್ನು ಅವಳಿಗೆ ತೋರಿಸಿದ. ಮೊದಲ ಹನಿಗಳು ತಾಡಪಾಲಿನ ಮೇಲೆ ಟಪಟಪ ಬಿದ್ದವು. ಅಮೀನಾ ಚಿತ್ರವನ್ನು ಒಂದು ಸಲ ನೋಡಿದಳು, ಎದ್ದಳು, ಮೂರನೆಯ ಹಲಗೆಯ ಹಿಂದಿನ ಸಾಲಿಗೆ ಕೈ ಹಾಕಿ ಆ ಪುಸ್ತಕವನ್ನು ಎಳೆದು ಅವನ ಕೈಗಿಟ್ಟಳು.